ಹಾಳೆ ತಟ್ಟೆ, ಐಬ್ಯಾನ್ ಮತ್ತು 97ರ ಲೆಕ್ಕ

ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಎಕ್ಸೆಲ್ ಶೀಟ್‌ನಲ್ಲಿ ಒಂದು ಚೌಕ ಕೆಂಪಾಯಿತು. ಇಟಲಿಯ ಕಂಪನಿಯೊಂದಕ್ಕೆ ಮಷಿನ್ನಿನ ಮುಂಗಡ ಕಳಿಸಬೇಕಿತ್ತು. ಸುಮಾರು 9 ಸಾವಿರ ಯೂರೋ, ಅಂದರೆ ಎಂಟು ಲಕ್ಷದ ಮೇಲೆ. ಅವರು ಕೊಟ್ಟ ಅಂತರರಾಷ್ಟ್ರೀಯ ಬ್ಯಾಂಕ್ ಅಕೌಂಟ್ ನಂಬರಿನಲ್ಲಿ, ಅಂದರೆ ಐಬ್ಯಾನ್‌ನಲ್ಲಿ, ಅಂಕಿಗಳೂ ಸೇರಿ 27 ಅಕ್ಷರ ಸರಿಯಾಗಿಯೇ ಇದ್ದವು. ಆದರೆ ನಂಬರ್ ಸರಿಯಿದೆಯೇ ಅಂತ 97ರಿಂದ ಭಾಗಿಸಿದಾಗ ಬರಬೇಕಾದ ಶೇಷ 1 ಬರಲಿಲ್ಲ. 'ಅವರದೇ ಲೆಟರ್‌ಹೆಡ್, ಅವರದೇ ಸೀಲು. ನಿಮ್ಮ ಶೀಟೇ ತಪ್ಪಿರಬೇಕು' ಅಂದರು ನಮ್ಮ ಆಡಿಟರ್. ನಾನು ದುಡ್ಡು ತಡೆಹಿಡಿದು ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಟೈಪ್ ಮಾಡುವಾಗ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿದ್ದವು.

ಅಂಥ ಉತ್ತರಕ್ಕೆ ನಾನು ಮೂರು ವರ್ಷ ಕಾದಿದ್ದೆ.

ನಮ್ಮದು ಸಾಗರ ಮತ್ತು ಹೊಸನಗರದ ನಡುವೆ ಒಂದು ಅಡಿಕೆ ಹಾಳೆ ತಟ್ಟೆ ಘಟಕ. ಮಾಲು ಹೆಚ್ಚಾಗಿ ಯುರೋಪಿಗೆ ಹೋಗುತ್ತದೆ. ದುಡ್ಡು ಬರುವಾಗ ತೊಂದರೆ ಕಡಿಮೆ. ಕಳಿಸುವಾಗಲೇ ಕಷ್ಟ. ಲ್ಯಾಬ್ ಫೀಸು, ಮೇಳದ ಸ್ಟಾಲ್ ಬಾಡಿಗೆ, ಏಜೆಂಟರ ಕಮಿಷನ್ ಎಲ್ಲ ಇಲ್ಲಿಂದ ಹೋಗಬೇಕು. ಮೊದಲ ಪೆಟ್ಟು ಬಿದ್ದಿದ್ದು ನೆದರ್‌ಲ್ಯಾಂಡ್ಸ್‌ನ ಏಜೆಂಟರ ಕಮಿಷನ್‌ನಲ್ಲಿ. ಅಲ್ಲಿನ ಐಬ್ಯಾನ್ 18 ಅಕ್ಷರ. ನಾನು ಒಂದು ಸೊನ್ನೆ ಬಿಟ್ಟು 17 ಬರೆದಿದ್ದೆ. ಬ್ಯಾಂಕಿನ ಕೌಂಟರಿನಲ್ಲಿ ಯಾರೂ ಎಣಿಸಲಿಲ್ಲ. ಮೂರು ವಾರದ ಮೇಲೆ ದುಡ್ಡು ವಾಪಸ್ ಬಂತು. ಎರಡೂ ಕಡೆಯ ಚಾರ್ಜು, ಯೂರೋ ದರದ ಏರುಪೇರು ಸೇರಿ ಆರು ಸಾವಿರದಷ್ಟು ಹೋಯಿತು. ಎರಡನೆಯದು ಜರ್ಮನಿಯ ಲ್ಯಾಬ್ ಫೀಸು. ಮಳೆಗಾಲ, ಕರೆಂಟಿಲ್ಲ, ಮೇಲ್ ತೆಗೆಯಲು ಆಗಲಿಲ್ಲ. ಫೋನಿನಲ್ಲಿ ಕೇಳಿ ಬರೆದುಕೊಂಡೆ, ಅಂಕಿ ತಪ್ಪಿತು. ಇಲ್ಲಿ ಚಾರ್ಜಿಗಿಂತ ರಿಪೋರ್ಟ್ ತಡವಾಗಿದ್ದೇ ದೊಡ್ಡ ನಷ್ಟ. ಮಾಲು ಹದಿನೈದು ದಿನ ಗೋದಾಮಿನಲ್ಲೇ ಕೂತಿತು. ಆ ತೇವದಲ್ಲಿ ಕೆಲವು ಪೆಟ್ಟಿಗೆಗೆ ಬೂಸ್ಟು ಹಿಡಿದು ಮೂವತ್ತು ಸಾವಿರದ ಮೇಲೆ ಕಳೆದುಕೊಂಡೆ.

ಆಮೇಲೆ ಶೀಟ್ ಮಾಡಲು ಕೂತೆ. 'ದುಡ್ಡು ಕಳಿಸೋದು ಬ್ಯಾಂಕಿನ ಕೆಲಸ, ನೀನ್ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ತೀಯ ಮಾರಾಯ' ಅಂದ ನಮ್ಮ ಭಾವ.

ಲೆಕ್ಕ ಇಷ್ಟೇ. ಮೊದಲ ನಾಲ್ಕು ಅಕ್ಷರ ಕೊನೆಗೆ ಹಾಕು, ಇಂಗ್ಲಿಷ್ ಅಕ್ಷರವನ್ನು ಅಂಕಿ ಮಾಡು (ಎಗೆ 10, ಬಿಗೆ 11, ಹೀಗೆ ಝಡ್‌ಗೆ 35), 97ರಿಂದ ಭಾಗಿಸು, ಶೇಷ 1 ಬರಬೇಕು. ನಾನು ಎಡವಿದ್ದು ಎಕ್ಸೆಲ್‌ನಲ್ಲಿ. ಎಲ್ಲರೂ ಉದಾಹರಣೆಗೆ ಕೊಡುವ ಬೆಲ್ಜಿಯಂ ಸಂಖ್ಯೆ ಬಿಇ68 5390 0754 7034 ತೆಗೆದುಕೊಂಡೆ. ತಿರುಗಿಸಿದರೆ 539007547034111468 ಆಗುತ್ತದೆ. 18 ಅಂಕಿ. ಎಕ್ಸೆಲ್ 15 ಅಂಕಿ ದಾಟಿದರೆ ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಕೊನೆಯ 468 ಹೋಗಿ 000 ಕೂತಿತು, ಸೂತ್ರ ಎರರ್ ಕೊಟ್ಟಿತು. ಇದು ತಿಳಿಯದೆ ಒಂದು ವಾರ ಸೂತ್ರವನ್ನೇ ತಿದ್ದುತ್ತಾ ಕೂತಿದ್ದೆ.

ಕೊನೆಗೆ ತುಂಡು ಮಾಡಿದೆ. ಸಂಖ್ಯೆಯನ್ನು ಟೆಕ್ಸ್ಟ್ ಆಗಿಯೇ ಇಟ್ಟುಕೊಂಡು ಮೊದಲ 9 ಅಂಕಿ ತೆಗೆದೆ. 539007547ಕ್ಕೆ ಶೇಷ 81. ಆ 81ರ ಮುಂದೆ ನಂತರದ 7 ಅಂಕಿ ಜೋಡಿಸಿದರೆ 810341114, ಶೇಷ 10. ಅದರ ಮುಂದೆ ಕೊನೆಯ 68 ಹಾಕಿದರೆ 1068, ಶೇಷ 1. ಹಸಿರು ಬಂದಾಗ ರಾತ್ರಿ ಹನ್ನೊಂದೂವರೆ. ಮನೆಯವಳನ್ನು ಎಬ್ಬಿಸಿ ತೋರಿಸಿದೆ.

ಅದೇ ಸಂಖ್ಯೆಯಲ್ಲಿ ಇನ್ನೊಂದು ಚೆಂದ ಕಂಡಿತು. ಬೆಲ್ಜಿಯಂನವರು ಒಳಗಿನ ಅಕೌಂಟ್ ನಂಬರಿಗೂ 97ನ್ನೇ ಇಟ್ಟಿದ್ದಾರೆ. 5390075470ನ್ನು 97ರಿಂದ ಭಾಗಿಸಿದರೆ ಶೇಷ 34. ಆ 34 ಕೊನೆಯಲ್ಲೇ ಇದೆ ನೋಡಿ. ಫ್ರಾನ್ಸ್‌ನ 27ರಲ್ಲೂ ಕೊನೆಯ ಎರಡು ಅಂಕಿ ಅಲ್ಲಿನದೇ ಬೇರೆ ಪರೀಕ್ಷೆ. ಜರ್ಮನಿಯದು ಸರಳ. 22ರಲ್ಲಿ 8 ಅಂಕಿ ಬ್ಯಾಂಕಿಗೆ, 10 ಅಂಕಿ ಅಕೌಂಟಿಗೆ. ಇಂಗ್ಲಿಷ್ ಅಕ್ಷರ ಅಂದರೆ ಮೊದಲಿನ ಡಿಇ ಎರಡೇ. ಅದರ ನಂತರ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಕಂಡರೆ ಭಾಗಿಸುವುದೇ ಬೇಡ. ನಾರ್ವೆಗೆ ಬರೀ 15, ಮಾಲ್ಟಾಗೆ 31. ಗರಿಷ್ಠ 34 ಅಂತ ನಿಯಮ. ನನ್ನ ಶೀಟ್‌ನಲ್ಲಿ ಹದಿನಾಲ್ಕು ದೇಶ ಇವೆ. ದೇಶಕ್ಕೊಂದು ಅಕ್ಷರ-ಅಂಕಿಯ ನಮೂನೆ ಇದೆಯಲ್ಲ, ಅದನ್ನು ಒಂದೇ ಸೂತ್ರದಲ್ಲಿ ಹೇಗೆ ಕೂರಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲದ ಕೆಲಸ ಅದು. ಹಾಗೆಯೇ, ಕೆಂಪು ಬಂದಾಗ ಯಾವ ಎರಡು ಅಂಕಿ ಅದಲುಬದಲಾಗಿರಬಹುದು ಅಂತ ತೋರಿಸುವ ಕಾಲಂ ಒಂದಿದೆ. ಅದೂ ನನ್ನ ಹತ್ತಿರವೇ ಇರಲಿ.

ಇದನ್ನು ಮಾತ್ರ ಹೇಳಲೇಬೇಕು. ಶೇಷ 1 ಬಂದರೆ ಸಾಲದು. ದೇಶದ ಎರಡು ಅಕ್ಷರದ ಪಕ್ಕದಲ್ಲಿರುವ ಎರಡು ಚೆಕ್ ಅಂಕಿ 02ರಿಂದ 98ರ ಒಳಗಿರಬೇಕು. 02 ಇರಬೇಕಾದ ಕಡೆ 99 ಹಾಕಿದರೂ ಶೇಷ 1 ಬರುತ್ತದೆ, ಎರಡರ ನಡುವೆ 97ರದೇ ಅಂತರ ಅಲ್ವಾ? 00, 01ರದೂ ಇದೇ ಕಥೆ. ಈ ತಡೆ ಹಾಕದ ಶೀಟ್‌ಗಳನ್ನು ಸ್ನೇಹಿತರ ಹತ್ತಿರ ನೋಡಿದ್ದೇನೆ.

ಅಣ್ಣನ ಮಗನನ್ನು ಕೂರಿಸಿಕೊಂಡು ಒಂದು ಭಾನುವಾರ ಬೇಕೆಂದೇ ತಪ್ಪು ಬರೆದು ನೋಡಿದೆವು. ಒಂದು ಅಂಕಿ ತಪ್ಪಿಸಿದರೆ ಒಂದೂ ದಾಟಲಿಲ್ಲ. ಪಕ್ಕದ ಎರಡು ಅದಲುಬದಲು ಮಾಡಿದರೂ ಅಷ್ಟೇ. ಮನಸ್ಸಿಗೆ ಬಂದ ಅಂಕಿ ತುಂಬಿಸಿದಾಗ ಮುನ್ನೂರರಲ್ಲಿ ಮೂರೋ ನಾಲ್ಕೋ ಹಸಿರಾದವು. 97ಕ್ಕೆ ಒಂದು ಅನ್ನುವ ಲೆಕ್ಕ ಸರಿಯೇ.

ಆ ಹುರುಪಿನಲ್ಲಿ ತಟ್ಟೆ ಪೆಟ್ಟಿಗೆಯ ಲಾಟ್ ನಂಬರಿಗೂ 97ರ ಎರಡಂಕಿ ಬಾಲ ಹಚ್ಚಿದೆ. ಗೋದಾಮಿನ ಹುಡುಗರು ಫೋನಿನಲ್ಲಿ ನಂಬರ್ ಓದುತ್ತಾರೆ, ತಪ್ಪಿದರೆ ಇಲ್ಲಿ ತಕ್ಷಣ ಗೊತ್ತಾಗುತ್ತದೆ. ಮೊದಲು ಆಧಾರ್ ನಂಬರಿನಲ್ಲಿ ತಪ್ಪು ಹಿಡಿಯುವ ವೆರ್ಹೂಫ್ ವಿಧಾನ ನೋಡಿದ್ದೆ. ಒಂದೇ ಅಂಕಿ ಸಾಕಾಗುತ್ತದೆ ನಿಜ, ಆದರೆ ಅದರ ಕೋಷ್ಟಕಗಳನ್ನು ಎಕ್ಸೆಲ್‌ಗೆ ಇಳಿಸುವುದು ಜಾಸ್ತಿ ಕೆಲಸ. ಬಿಟ್ಟೆ.

ಖರೀದಿದಾರರು ನಮ್ಮ ಐಬ್ಯಾನ್ ಕೇಳುತ್ತಲೇ ಇರುತ್ತಾರೆ. ಭಾರತದಲ್ಲಿ ಐಬ್ಯಾನ್ ಇಲ್ಲ, ಅಮೆರಿಕದಲ್ಲೂ ಇಲ್ಲ. ಒಬ್ಬರ ಲೆಕ್ಕಿಗರು ಫಾರಂ ಖಾಲಿ ಬಿಡಲಾಗದೆ ಐಎನ್ ಅಂತ ಹಾಕಿ, ನಮ್ಮ ಐಎಫ್‌ಎಸ್‌ಸಿ ಮತ್ತು ಅಕೌಂಟ್ ನಂಬರ್ ಅಂಟಿಸಿ ಕಳಿಸಿದ್ದರು. ದುಡ್ಡು ತಿರುಗಿ ಹೋಯಿತು. ಈಗ ಇನ್‌ವಾಯ್ಸ್‌ನಲ್ಲೇ ಐಬ್ಯಾನ್ ಇಲ್ಲ ಅಂತ ಬರೆದು ಸ್ವಿಫ್ಟ್ ಕೋಡ್, ಅಕೌಂಟ್ ನಂಬರ್ ಕೊಡುತ್ತೇನೆ.

ಹಸಿರು ಬಂತು ಅಂದರೆ ಅಕೌಂಟ್ ಇದೆ ಅಂತ ಅರ್ಥವಲ್ಲ, ಅದು ಅವರದೇ ಅಂತಲೂ ಅಲ್ಲ. ಕಳ್ಳರ ಐಬ್ಯಾನ್‌ಗೂ ಶೇಷ 1 ಬರುತ್ತದೆ. ಅಕೌಂಟ್ ಬದಲಾಗಿದೆ ಅಂತ ಮೇಲ್ ಬಂದರೆ, ಹಳೆಯ ಇನ್‌ವಾಯ್ಸ್‌ನಲ್ಲಿರುವ ಫೋನ್ ನಂಬರಿಗೆ ಮಾಡಿ ಕೇಳುತ್ತೇನೆ. ಆ ಮೇಲ್‌ನಲ್ಲೇ ಇರುವ ನಂಬರಿಗಲ್ಲ.

ಈಗ ಆಡಿಟರ್ ಬೇರೆ ಗ್ರಾಹಕರ ನಂಬರುಗಳನ್ನೂ ನನಗೇ ಕಳಿಸುತ್ತಾರೆ. ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಜರ್ಮನಿಗೆ ಓದಲು ಹೊರಟಿದ್ದ. ಹಾಸ್ಟೆಲ್ ದುಡ್ಡು ಕಟ್ಟುವ ಮೊದಲು ನಂಬರ್ ಬಂತು. 21 ಅಕ್ಷರ. ಒಂದು ಸೊನ್ನೆ ಬಿಟ್ಟುಹೋಗಿತ್ತು. ಹತ್ತು ನಿಮಿಷದಲ್ಲಿ ಸರಿಮಾಡಿ ಕೊಟ್ಟೆ, ಅವನ ಅಪ್ಪ ಅದನ್ನು ಹಿಡಿದು ಬ್ಯಾಂಕಿಗೆ ಹೋದರು.