ಚಿಲ್ಲರೆ ಪಾವತಿಗೆ ಯುಪಿಐ ಲೈಟ್ ಇಟ್ಟುಕೊಳ್ಳಿ

ಮುಂಬೈನ ದಾದರ್ ಸ್ಟೇಷನ್ ಹೊರಗೆ ವಡಾಪಾವ್‌ಗೋ, ಶೇರ್ ಟ್ಯಾಕ್ಸಿಗೋ ಹಣ ಕೊಡುವಾಗ ಯುಪಿಐ ಸುತ್ತುತ್ತಲೇ ಇದ್ದರೆ, ಅದೇ ಆ್ಯಪ್‌ನಲ್ಲಿ, ಸಣ್ಣ ಪಾವತಿಗೆಂದು ಹಣ ಬೇರೆ ತೆಗೆದಿಡುವ ಯುಪಿಐ ಲೈಟ್ ಆನ್ ಮಾಡಿ, ಮನೆಯಲ್ಲೇ 500 ರೂಪಾಯಿ ತುಂಬಿಸಿಕೊಳ್ಳಿ. ಮಾಮೂಲಿ ಪಾವತಿಗೆ ನಿಮ್ಮ ಬ್ಯಾಂಕಿನ ಸರ್ವರ್ ಪಿನ್ ಪರೀಕ್ಷಿಸಿ, ಖಾತೆಯಿಂದ ಹಣ ಕಡಿತ ಮಾಡಬೇಕು. ಆಫೀಸು ಬಿಡುವ ಹೊತ್ತಿನಲ್ಲಿ ಅದು ತಡವಾಗಬಹುದು. ಲೈಟ್‌ನಲ್ಲಿ ಮೊದಲೇ ತೆಗೆದಿಟ್ಟ ಹಣವೇ ಹೋಗುತ್ತದೆ, ಪಿನ್ ಬೇಡ. ಪಾಸ್‌ಬುಕ್ಕಿನಲ್ಲೂ ಹತ್ತಿಪ್ಪತ್ತು ರೂಪಾಯಿಯ ಸಾಲುಗಳ ಬದಲು ತುಂಬಿಸಿದ ಮೊತ್ತ ಮಾತ್ರ ಕಾಣುತ್ತದೆ, ಲೆಕ್ಕ ಇಡುವವರಿಗೆ ಇದು ದೊಡ್ಡ ಅನುಕೂಲ. 2024ರ ಡಿಸೆಂಬರ್‌ನಲ್ಲಿ ಮಿತಿ ಹೆಚ್ಚಿಸಿ ಒಂದು ಪಾವತಿಗೆ 1,000 ರೂಪಾಯಿ, ಲೈಟ್‌ನಲ್ಲಿ ಇಟ್ಟುಕೊಳ್ಳುವ ಒಟ್ಟು ಹಣಕ್ಕೆ 5,000 ರೂಪಾಯಿ ಎಂದಾಯಿತು. ಆದರೂ ಅಷ್ಟು ತುಂಬಬೇಡಿ: ಪಿನ್ ಕೇಳದ ಕಾರಣ, ಲಾಕ್ ತೆರೆದ ಫೋನ್ ಯಾರ ಕೈಗಾದರೂ ಸಿಕ್ಕರೆ ಆ ಹಣ ಹೋದಂತೆಯೇ, ಬಡ್ಡಿಯೂ ಇಲ್ಲ. ನೆಟ್‌ವರ್ಕೇ ಇಲ್ಲದ ನೆಲಮಾಳಿಗೆ ಅಂಗಡಿಯಲ್ಲಿ ಕೋಡ್ ಸ್ಕ್ಯಾನ್ ಮಾಡಿದರೆ ಇದೂ ನಡೆಯದು. ಈ ಹಣ ಆ ಫೋನಿಗೆ, ಆ ಆ್ಯಪ್‌ಗೆ ಮಾತ್ರ ಸೇರಿದ್ದು; ಫೋನ್ ಬದಲಿಸುವ ಅಥವಾ ಆ್ಯಪ್ ಅಳಿಸುವ ಮೊದಲು ಉಳಿದದ್ದನ್ನು ಬ್ಯಾಂಕ್ ಖಾತೆಗೆ ವಾಪಸ್ ಹಾಕಿಕೊಳ್ಳಿ.