ಕಾಂಡೋಮ್ ಇಲ್ಲದ ಸಂಪರ್ಕದ ನಂತರ ಸೋಂಕಿನ ಭಯವೇ? ಹೀಗೆ ಮಾಡಿ

ಮರುದಿನದಿಂದಲೇ ಎದೆ ಢವಢವ. ಗಂಟಲು ಕೆರೆದರೂ ಎಚ್‌ಐವಿ, ಮೈ ಸ್ವಲ್ಪ ಬಿಸಿಯಾದರೂ ಎಚ್‌ಐವಿ. ರಾತ್ರಿಯೆಲ್ಲ ಮೊಬೈಲಿನಲ್ಲಿ ಲಕ್ಷಣ ಹುಡುಕುತ್ತಾ ಕೂತರೆ ಭಯ ಜಾಸ್ತಿಯಾಗುತ್ತದೆ, ಉತ್ತರ ಸಿಗುವುದಿಲ್ಲ. ಮೊದಲು ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿ.

72 ಗಂಟೆ ದಾಟಿಲ್ಲವೇ? ಈಗಲೇ ಹೊರಡಿ. ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆ ಇದೆ, ಡಾಕ್ಟರು ಅದನ್ನು ‘ಪೆಪ್’ ಎನ್ನುತ್ತಾರೆ. 72 ಗಂಟೆಯೊಳಗೆ ಶುರು ಮಾಡಿ 28 ದಿನ ತಪ್ಪದೆ ನುಂಗಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು. ಎಲ್ಲರಿಗೂ ಇದು ಬೇಕಾಗುವುದಿಲ್ಲ, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ, ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೆ. ‘ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದೆ, ಪೆಪ್ ಬೇಕಾ ನೋಡಿ ಡಾಕ್ಟ್ರೇ’ ಎಂದರೆ ಸಾಕು, ಇಡೀ ಕಥೆ ಹೇಳಬೇಕಿಲ್ಲ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಗರ್ಭದ ಆತಂಕವಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆಗೂ ಇದೇ 72 ಗಂಟೆಯ ಗಡುವು.

ಗಡುವು ದಾಟಿದೆಯೇ? ಹಾಗೆಂದು ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಜೊತೆಗಾರರಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೂ, ಒಂದು ಸಲದ ಯೋನಿ ಸಂಪರ್ಕದಿಂದ ಅದು ತಗುಲುವ ಸಂಭವ 10,000ಕ್ಕೆ ಸುಮಾರು 4ರಿಂದ 8. ಗುದ ಸಂಪರ್ಕದಲ್ಲಿ ಇದಕ್ಕಿಂತ ಜಾಸ್ತಿ. ಎಚ್‌ಐವಿಗಿಂತ ಸುಲಭವಾಗಿ ಹರಡುವ ಲೈಂಗಿಕ ಸೋಂಕುಗಳಾದ ಗೊನೋರಿಯಾ, ಕ್ಲಮೈಡಿಯಾ, ಸಿಫಿಲಿಸ್ ಸರಿಯಾದ ಔಷಧಿಯಿಂದ ವಾಸಿಯಾಗುತ್ತವೆ.

ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ, ದಯವಿಟ್ಟು. ಅರ್ಧಂಬರ್ಧ ಔಷಧಿಯಿಂದ ಲಕ್ಷಣ ಅಡಗುತ್ತದೆ, ರೋಗ ಒಳಗೇ ಉಳಿಯುತ್ತದೆ.

ಇನ್ನು ಪರೀಕ್ಷೆ. ಜನ ಎಡವುವುದು ಇಲ್ಲೇ. ಮರುದಿನವೇ ಮಾಡಿಸಿದ ಎಚ್‌ಐವಿ ಪರೀಕ್ಷೆ ನಿಮ್ಮ ಹಳೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ, ನಿನ್ನೆಯದನ್ನಲ್ಲ. ಲ್ಯಾಬಿನಲ್ಲಿ ರಕ್ತ ಕೊಟ್ಟು ಮಾಡಿಸುವ ಆ್ಯಂಟಿಜೆನ್-ಆ್ಯಂಟಿಬಾಡಿ ಪರೀಕ್ಷೆಯನ್ನು 45 ದಿನದ ನಂತರ ನಂಬಬಹುದು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆಗೆ 3 ತಿಂಗಳು ಬೇಕು. ಪೆಪ್ ತೆಗೆದುಕೊಂಡವರಿಗೆ ದಿನಾಂಕ ಬೇರೆ, ಡಾಕ್ಟರನ್ನು ಕೇಳಿ. ಗೊನೋರಿಯಾ, ಕ್ಲಮೈಡಿಯಾಕ್ಕೆ ಸುಮಾರು 2 ವಾರ ಬಿಟ್ಟು ಪರೀಕ್ಷೆ. ಸಿಫಿಲಿಸ್‌ಗೆ ಸಂಪರ್ಕವಾಗಿ 3 ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ.

ನಡುವೆ ಕೀವು, ಉರಿಮೂತ್ರ, ಗುಳ್ಳೆ, ಹುಣ್ಣು ಕಂಡರೆ ತಾರೀಖಿಗೆ ಕಾಯಬೇಡಿ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿ ಮಾಯುತ್ತದೆ. ಮಾಯಿತು ಎಂದು ಸುಮ್ನೆ ಇದ್ದವರಿಗೇ ಅಪಾಯ. ಹೆಂಗಸರಲ್ಲಿ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ, ಹಾಗಾಗಿ ಪರೀಕ್ಷೆ ಬಿಡಬಾರದು.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ (ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಆಪ್ತಸಮಾಲೋಚಕರೂ ಇರುತ್ತಾರೆ. ಉಳಿದ ಸೋಂಕುಗಳಿಗೆ ‘ಸುರಕ್ಷಾ ಕ್ಲಿನಿಕ್’ ಇದೆ. ಯಾರಿಗಾದರೂ ಗೊತ್ತಾದರೆ ಎಂಬ ಅಂಜಿಕೆ ಇರುತ್ತದೆ, ಅಲ್ವಾ? 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು. ಹೋಗುವ ಮುಂಚೆ ಮಾತಾಡಬೇಕು ಅನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ಎಲ್ಲ ಫಲಿತಾಂಶ ಬರುವ ತನಕ ಮನೆಯಲ್ಲೂ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಸೋಂಕು ಸಿಕ್ಕಿದರೆ ಜೊತೆಗಾರರಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅದು ಮತ್ತೆ ನಿಮಗೇ ಬರುತ್ತದೆ. ಸರಿಯಾದ ತಾರೀಖಿನ ಪರೀಕ್ಷೆ ನೆಗೆಟಿವ್ ಬಂದ ಮೇಲೂ ನಿದ್ದೆ ಬಾರದಿದ್ದರೆ ಮತ್ತೆ ಮತ್ತೆ ರಕ್ತ ಕೊಡುವುದು ಬೇಡ. ಆಗ ಚಿಕಿತ್ಸೆ ಬೇಕಿರುವುದು ಆತಂಕಕ್ಕೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.