47 ದೊಡ್ಡದೋ, 34 ದೊಡ್ಡದೋ: ಸತತ ಗೆಲುವುಗಳನ್ನು ತೂಗುವುದು ಹೇಗೆ?

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಶನಿವಾರಗಳು ಕಾಲೇಜು ಫುಟ್‌ಬಾಲಿಗೆ ಮೀಸಲು. ಮಕ್ಕಳು ಅಲ್ಲಿ ಓದಿದ ಕನ್ನಡದ ಮನೆಗಳಲ್ಲೂ ಈಗ ಅದೇ ಮಾತು. ನಾಲ್ಕು ಮನೆಯವರು ಊಟಕ್ಕೆ ಸೇರಿದರೆ ಚಿತ್ರಾನ್ನ ಬಡಿಸುವಷ್ಟರಲ್ಲಿ ವಾದ ಶುರುವಾಗಿರುತ್ತದೆ. "ಒಕ್ಲಹೋಮಾ ಸತತ 47 ಗೆದ್ದಿದೆ ಕಣ್ರೀ, ಮಿಯಾಮಿಯ 34 ಯಾವ ಲೆಕ್ಕ?" "ಆ ಕಾಲದಲ್ಲಿ ಎದುರಿಗೆ ಯಾರಿದ್ರು ಬಿಡಿ!" ವರ್ಷಗಳಿಂದ ಕೇಳುತ್ತಿದ್ದೇನೆ, ಯಾರೂ ಲೆಕ್ಕ ಹಾಕಿದ್ದನ್ನು ನೋಡಿಲ್ಲ. ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್, ಒಂದು ಸಂಜೆ ಇದ್ದರೆ ಸಾಕು.

ಹೊಸಬರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ. ಕಾನ್ಫರೆನ್ಸ್ ಎಂದರೆ ಪ್ರತಿವರ್ಷ ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಗುಂಪು, ಹಿಂದೆ ರಣಜಿಯಲ್ಲಿ ದಕ್ಷಿಣ ವಲಯ ಇದ್ದ ಹಾಗೆ. ಬೌಲ್ ಎಂದರೆ ಸೀಸನ್ ಮುಗಿದ ಮೇಲೆ ಆಯ್ದ ತಂಡಗಳನ್ನು ಕರೆದು ಆಡಿಸುವ ಪಂದ್ಯ.

ಹಂತ 1: ಎರಡೂ ತುದಿ ಬರೆದುಕೊಳ್ಳಿ

ಬಡ್ ವಿಲ್ಕಿನ್ಸನ್ ಕೋಚ್ ಆಗಿದ್ದ ಒಕ್ಲಹೋಮಾದ ಸರಣಿ 1953ರ ಅಕ್ಟೋಬರ್ 10ರಂದು ಟೆಕ್ಸಸ್ ವಿರುದ್ಧ ಶುರುವಾಗಿ 1957ರ ನವೆಂಬರ್ 16ರಂದು ಮುರಿಯಿತು. ಮಿಯಾಮಿಯದ್ದು 2000ದ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ಎದುರು ಸೋತ ಮೇಲೆ ಶುರುವಾಗಿ 2003ರ ಜನವರಿ 3ಕ್ಕೆ ಮುಗಿಯಿತು. ಎರಡೂ ಒಂದೇ ದರ್ಜೆಯವೇ ಎಂದು ನೋಡಿಕೊಳ್ಳಿ. ಮೌಂಟ್ ಯೂನಿಯನ್ ಕಾಲೇಜು ಸತತ 55 ಗೆದ್ದಿದೆ, ಆದರೆ ಅದು ಮೂರನೇ ಡಿವಿಷನ್. ಅದನ್ನು ಈ ಪಟ್ಟಿಗೆ ಸೇರಿಸಬೇಡಿ.

ಸದರ್ನ್ ಕ್ಯಾಲಿಫೋರ್ನಿಯಾದ 34 (2003–2005) ಬಂದಾಗ ಎಲ್ಲರೂ ಎಡವುತ್ತಾರೆ. ಆಟಗಾರನೊಬ್ಬ ನಿಯಮ ಮೀರಿ ಲಾಭ ಪಡೆದನೆಂದು ಆಮೇಲೆ ಅದರಲ್ಲಿ 14 ಗೆಲುವುಗಳನ್ನು ದಾಖಲೆಯಿಂದ ತೆಗೆದುಹಾಕಲಾಯಿತು. ನಾನು 34 ಎಂದೇ ಬರೆದು ಪಕ್ಕದಲ್ಲಿ ಟಿಪ್ಪಣಿ ಹಾಕುತ್ತೇನೆ. ಎದುರಾಳಿಗಳು ಸೋತದ್ದಂತೂ ನಿಜ.

ಹಂತ 2: ಟೈ ಆದ ಪಂದ್ಯಗಳನ್ನು ನೋಡಿ

1996ಕ್ಕೆ ಮುಂಚೆ ಸೀಸನ್ ಪಂದ್ಯಗಳಲ್ಲಿ ಹೆಚ್ಚುವರಿ ಆಟ ಇರಲಿಲ್ಲ. ಸಮ ಆದರೆ ಸಮವೇ, ಗೆಲುವಿನ ಸರಣಿ ಅಲ್ಲಿಗೇ ತುಂಡು. ಹಾಗಾಗಿ "ಸೋಲದ ಸರಣಿ" ಮತ್ತು "ಗೆಲುವಿನ ಸರಣಿ" ಬೇರೆ ಬೇರೆ ಕಾಲಂ ಆಗಿರಲಿ.

ಹಂತ 3: ಕಾನ್ಫರೆನ್ಸಿನ ಬಲ ಅಳೆಯಿರಿ

ಎಲ್ಲರೂ ಕೆಡಿಸುವುದು ಇಲ್ಲೇ. ನಿಧಾನವಾಗಿ ಓದಿ.

ಕಾನ್ಫರೆನ್ಸಿನ ಅಂಕಪಟ್ಟಿ ತೆರೆದು "ನೋಡಿ, ನಾಲ್ಕು ತಂಡ ಚೆನ್ನಾಗಿ ಆಡಿವೆ, ಬಲವಾದ ಗುಂಪು" ಎನ್ನುವವರನ್ನು ನಂಬಬೇಡಿ. ಗುಂಪಿನೊಳಗೆ ಒಬ್ಬ ಗೆದ್ದರೆ ಇನ್ನೊಬ್ಬ ಸೋತಿರಲೇಬೇಕು. ಗುಂಪು ಚಿನ್ನವಾಗಿರಲಿ, ಹಿತ್ತಾಳೆಯಾಗಿರಲಿ, ಒಟ್ಟು ಗೆಲುವು ಒಟ್ಟು ಸೋಲಿಗೆ ಸಮ. ಆ ಪಟ್ಟಿ ಗುಂಪಿನ ಬಲದ ಬಗ್ಗೆ ಏನೂ ಹೇಳುವುದಿಲ್ಲ. ಅದನ್ನು ಹೇಳುವುದು ಹೊರಗಿನವರ ಜೊತೆ ಆಡಿದ ಪಂದ್ಯಗಳು ಮಾತ್ರ.

ಆದ್ದರಿಂದ ಸರಣಿಯನ್ನು ಒಳಗೆ, ಹೊರಗೆ ಎಂದು ಎರಡು ಭಾಗ ಮಾಡಿ. ಒಕ್ಲಹೋಮಾದ 47ರಲ್ಲಿ ತನ್ನದೇ ಬಿಗ್ ಸೆವೆನ್ ಗುಂಪಿನ ವಿರುದ್ಧ 29, ಹೊರಗಿನವರ ವಿರುದ್ಧ 18. ಮಿಯಾಮಿಯ 34ರಲ್ಲಿ ಬಿಗ್ ಈಸ್ಟ್ ಒಳಗೆ 21, ಹೊರಗೆ 13. ಭಾಗಿಸಿ ನೋಡಿ, ಎರಡರಲ್ಲೂ ಒಳಗಿನ ಪಾಲು ನೂರಕ್ಕೆ 62. ಇದು ಮೊದಲ ಸಲ ಕಂಡಾಗ ನನಗೆ ನಂಬಿಕೆ ಬರದೆ ಪಂದ್ಯಗಳನ್ನು ಮತ್ತೆ ಎಣಿಸಿದೆ. "ಒಕ್ಲಹೋಮಾ ಬರೀ ತನ್ನ ಗುಂಪಿನವರನ್ನೇ ಹೊಡೆದು ಬೆಳೆಯಿತು" ಎಂಬ ದೂರು ಅಲ್ಲೇ ಬಿತ್ತು.

ಈಗ ಹೊರಗಿನ ಹೆಸರುಗಳು. ಒಕ್ಲಹೋಮಾದ 18ರಲ್ಲಿ ಟೆಕ್ಸಸ್ 5 ಸಲ, ಒಕ್ಲಹೋಮಾ ಎ ಅಂಡ್ ಎಂ 4 ಸಲ, ಮೇರಿಲ್ಯಾಂಡ್, ನಾರ್ತ್ ಕೆರೊಲೈನಾ, ಪಿಟ್ಸ್‌ಬರ್ಗ್ ತಲಾ 2 ಸಲ, ಕ್ಯಾಲಿಫೋರ್ನಿಯಾ, ಟೆಕ್ಸಸ್ ಕ್ರಿಶ್ಚಿಯನ್, ನಾಟರ್ ಡೇಮ್ ಒಂದೊಂದು ಸಲ. ಓದಲು ಭಾರಿ ಪಟ್ಟಿ. ಆದರೆ ಹೆಸರು ನೋಡಿ ಅಂಕ ಕೊಡಬೇಡಿ, ಆ ವರ್ಷದ ಫಲಿತಾಂಶ ನೋಡಿ. 1956ರಲ್ಲಿ ಒಕ್ಲಹೋಮಾ ನಾಟರ್ ಡೇಮನ್ನು ಅದರ ಊರಲ್ಲೇ 40–0ಯಿಂದ ಸೋಲಿಸಿತು. ಆ ವರ್ಷ ನಾಟರ್ ಡೇಮ್ ಗೆದ್ದದ್ದು 2, ಸೋತದ್ದು 8. ಟೆಕ್ಸಸ್ ಗೆದ್ದದ್ದು ಒಂದೇ, ಸೋತದ್ದು 9. ಹಾಗೆಂದು ಎಲ್ಲವನ್ನೂ ಸಪ್ಪೆ ಎನ್ನುವಂತಿಲ್ಲ. 1953ರ ಸೀಸನ್ ಕೊನೆಯ ಆರೆಂಜ್ ಬೌಲ್‌ನಲ್ಲಿ 7–0ಯಿಂದ ಸೋತ ಮೇರಿಲ್ಯಾಂಡ್ ಆಗ ದೇಶಕ್ಕೇ ನಂಬರ್ ಒನ್.

ಮಿಯಾಮಿಯ 13ರಲ್ಲಿ ಫ್ಲಾರಿಡಾ ಸ್ಟೇಟ್ 3 ಸಲ, ಫ್ಲಾರಿಡಾ 2 ಸಲ, ಜೊತೆಗೆ ನೆಬ್ರಾಸ್ಕ, ಟೆನೆಸಿ, ವಾಷಿಂಗ್ಟನ್, ಪೆನ್ ಸ್ಟೇಟ್. ಕೆಳ ದರ್ಜೆಯ ಫ್ಲಾರಿಡಾ ಎ ಅಂಡ್ ಎಂ ಕೂಡ ಇದೆ, ಅದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ.

ಇನ್ನು ಗುಂಪಿನ ಉಳಿದ ತಂಡಗಳು. ಸರಣಿಯ ತಂಡವನ್ನು ಬಿಟ್ಟೇ ಎಣಿಸಬೇಕು, ಇಲ್ಲದಿದ್ದರೆ ಅದರ ಗೆಲುವುಗಳೇ ಗುಂಪನ್ನು ದೊಡ್ಡದು ಮಾಡಿ ತೋರಿಸುತ್ತವೆ. 1954ರಲ್ಲಿ ಬಿಗ್ ಸೆವೆನ್ ಗುಂಪಿನಿಂದ ಒಕ್ಲಹೋಮಾ ಬದಲು (ಏಕೆಂದು ಹಂತ 5ರಲ್ಲಿದೆ) ಆರೆಂಜ್ ಬೌಲ್‌ಗೆ ಹೋದದ್ದು ನೆಬ್ರಾಸ್ಕ. ಡ್ಯೂಕ್ ಕೈಲಿ 34–7ರಿಂದ ಸೋತು ಬಂತು. 2002ರ ಸೀಸನ್ ಕೊನೆಯಲ್ಲಿ ಬಿಗ್ ಈಸ್ಟಿನ ಪಿಟ್ಸ್‌ಬರ್ಗ್, ವರ್ಜೀನಿಯಾ ಟೆಕ್, ಬಾಸ್ಟನ್ ಕಾಲೇಜು ತಮ್ಮ ತಮ್ಮ ಬೌಲ್ ಪಂದ್ಯ ಗೆದ್ದವು, ವೆಸ್ಟ್ ವರ್ಜೀನಿಯಾ ಮಾತ್ರ ಸೋತಿತು. ನೀವು ಹೀಗೆ ಒಂದೊಂದೇ ಸೀಸನ್ ಪೂರ್ತಿ ತುಂಬಿಸಿಕೊಳ್ಳಿ. ಆ್ಯಪ್‌ಗಳು ಕೊಡುವ ಸಿದ್ಧ "ವೇಳಾಪಟ್ಟಿ ಬಲ" ಅಂಕವನ್ನು ಎತ್ತಿಕೊಳ್ಳಬೇಡಿ. ಯಾವ ಪಂದ್ಯಕ್ಕೆ ಎಷ್ಟು ತೂಕ ಎಂದು ಹೇಳದ ಅಂಕದಿಂದ ಏನೂ ಕಲಿಯಲಾಗುವುದಿಲ್ಲ. ಪತ್ರಕರ್ತರು ಮತ ಹಾಕಿ ಕೊಡುತ್ತಿದ್ದ ಹಳೆಯ ಎಪಿ ರ‍್ಯಾಂಕಿಂಗ್ ಕೂಡ ಜೋಪಾನ, 1968ಕ್ಕೆ ಮುಂಚೆ ಕೊನೆಯ ಮತದಾನ ಬೌಲ್ ಪಂದ್ಯಗಳಿಗೆ ಮೊದಲೇ ಮುಗಿಯುತ್ತಿತ್ತು (1965 ಬಿಟ್ಟು).

ಹಂತ 4: ಕ್ಯಾಲ್ಕುಲೇಟರ್

ಇಷ್ಟು ಕಷ್ಟಪಡುವುದು ಏಕೆಂದು ಕೇಳುವವರಿಗೆ ಈ ಹಂತ. ಪ್ರತಿ ಪಂದ್ಯವನ್ನೂ ನೂರಕ್ಕೆ 95ರಷ್ಟು ಗೆಲ್ಲುವ ಸಂಭವ ಇರುವ ತಂಡ ಎಂದುಕೊಳ್ಳಿ. 0.95ನ್ನು 47 ಸಲ ಗುಣಿಸಿ. ಬರುವುದು ಸುಮಾರು 0.09. ಈಗ ಎದುರಾಳಿಗಳು ಸ್ವಲ್ಪ ಗಟ್ಟಿ, ಸಂಭವ 93 ಅನ್ನಿ. 0.93ನ್ನು 34 ಸಲ ಗುಣಿಸಿದರೆ ಬರುವುದು 0.085. ಬರೀ ಎರಡು ಅಂಶದ ವ್ಯತ್ಯಾಸಕ್ಕೆ 34 ಗೆಲ್ಲುವುದು 47ಕ್ಕಿಂತ ಒಂದು ಕೂದಲೆಳೆಯಷ್ಟು ಕಷ್ಟವಾಯಿತು. ಹದಿಮೂರು ಪಂದ್ಯಗಳ ಅಂತರವನ್ನು ಎದುರಾಳಿಯ ಬಲ ನುಂಗಿಹಾಕಬಲ್ಲದು.

ಹಂತ 5: ಕಾಲದ ನಿಯಮಗಳು

1953ರಲ್ಲಿ ನಿಯಮ ಬದಲಾಗಿ, ದಾಳಿಗೂ ರಕ್ಷಣೆಗೂ ಬಹುಮಟ್ಟಿಗೆ ಅದೇ ಹನ್ನೊಂದು ಜನ ಇಳಿಯಬೇಕಾಯಿತು. ಮಿಯಾಮಿ ಕಾಲಕ್ಕೆ ಎರಡಕ್ಕೂ ಬೇರೆ ಬೇರೆ ಆಟಗಾರರು, ಆದರೆ ವಿದ್ಯಾರ್ಥಿವೇತನ 85 ಮಂದಿಗೆ ಮಾತ್ರ. ಒಕ್ಲಹೋಮಾ ಕಾಲದಲ್ಲಿ ಆ ಮಿತಿ ಇರಲಿಲ್ಲ, ಶ್ರೀಮಂತ ತಂಡ ಒಳ್ಳೆಯ ಹುಡುಗರನ್ನೆಲ್ಲ ಕಟ್ಟಿಹಾಕಬಹುದಿತ್ತು. ಬಿಗ್ ಸೆವೆನ್ ನಿಯಮದ ಪ್ರಕಾರ ಸತತ ಎರಡು ವರ್ಷ ಆರೆಂಜ್ ಬೌಲ್‌ಗೆ ಹೋಗುವಂತಿರಲಿಲ್ಲ. ಹಾಗಾಗಿ 1954, 1956ರಲ್ಲಿ ಒಂದೂ ಸೋಲದ ಒಕ್ಲಹೋಮಾ ವರ್ಷದ ಕೊನೆಯ ಕಠಿಣ ಪಂದ್ಯವನ್ನೇ ಆಡಲಿಲ್ಲ. ಇದನ್ನು ಅದರ ವಿರುದ್ಧ ಬರೆದುಕೊಳ್ಳಿ.

ಇಷ್ಟಾದರೂ ನಾನು ಒಕ್ಲಹೋಮಾವನ್ನೇ ಮೇಲಿಡುತ್ತೇನೆ, ಕಾರಣ ಇದು. ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಒಬ್ಬನಿಗೆ ಸಿಗುತ್ತಿದ್ದದ್ದು ಮೂರೇ ಸೀಸನ್. 1953ರಲ್ಲಿ ಮೊದಲ ಸಲ ಇಳಿದ ಹುಡುಗನ ಆಟ 1955ಕ್ಕೆ ಮುಗಿಯುತ್ತಿತ್ತು. ಐದು ಸೀಸನ್‌ಗೆ ಚಾಚಿದ ಸರಣಿಯಲ್ಲಿ ವಿಲ್ಕಿನ್ಸನ್ ಇಡೀ ತಂಡವನ್ನೇ ಹೊಸದಾಗಿ ಕಟ್ಟಿದರು, ಗೆಲುವು ಮಾತ್ರ ನಿಲ್ಲಲಿಲ್ಲ. ಮಿಯಾಮಿಯದ್ದು ಮೂರು ಸೀಸನ್ನಿನ ಸರಣಿ, ಒಂದೇ ಪೀಳಿಗೆಯ ಹುಡುಗರು ಅದನ್ನು ಹೊರಬಲ್ಲರು.

ಹಂತ 6: ಮುರಿದ ಪಂದ್ಯವನ್ನು ಇನ್ನೊಂದು ಕಾಲದ ನಿಯಮದಲ್ಲಿ ಆಡಿಸಿ

1957, ನಾರ್ಮನ್ ಊರು. ನಾಟರ್ ಡೇಮ್ ವಿರುದ್ಧ 0–0. ಆಟ ಮುಗಿಯಲು 3 ನಿಮಿಷ 50 ಸೆಕೆಂಡ್ ಇರುವಾಗ, ನಾಲ್ಕನೇ ಹಾಗೂ ಕೊನೆಯ ಯತ್ನದಲ್ಲಿ, ಡಿಕ್ ಲಿಂಚ್ ಬಲಬದಿಯಿಂದ ಸುತ್ತಿ ಉಳಿದ 3 ಗಜ ಓಡಿ ಗೆರೆ ದಾಟಿದ. 7–0. ಅವನನ್ನು ತಡೆದು 0–0 ಉಳಿಸಿಕೊಂಡಿದ್ದರೂ ಆ ಕಾಲದ ನಿಯಮದಲ್ಲಿ ಗೆಲುವಿನ ಸರಣಿ 47ಕ್ಕೇ ನಿಲ್ಲುತ್ತಿತ್ತು. ಇನ್ನು 2003ರ ಜನವರಿ 3ರ ಪಂದ್ಯ. ಮಿಯಾಮಿ ಮತ್ತು ಒಹಾಯೋ ಸ್ಟೇಟ್ ನಿಗದಿತ ಸಮಯದಲ್ಲಿ 17–17. ಹಳೆಯ ನಿಯಮವಾಗಿದ್ದರೆ ಅಲ್ಲಿಗೆ ಪಂದ್ಯ ಸಮ, ಮಿಯಾಮಿಯ ಗೆಲುವಿನ ಸರಣಿ ಮುರಿದರೂ ಸೋಲದ ಸರಣಿ ಉಳಿಯುತ್ತಿತ್ತು. ಎರಡನೇ ಹೆಚ್ಚುವರಿ ಅವಧಿಯಲ್ಲಿ 31–24ರಿಂದ ಒಹಾಯೋ ಸ್ಟೇಟ್ ಗೆದ್ದು ಎರಡನ್ನೂ ಒಟ್ಟಿಗೆ ಮುಗಿಸಿತು.